ಕಥೆಗೆ ನಕ್ಷೆ ಬೇಕೆ?

ಮನೆಯನ್ನು ಕಟ್ಟಿಸುವವನು ಮೊದಲು ನಕ್ಷೆಯನ್ನು ಬರೆಯಿಸುತ್ತಾನೆ. ಮದುವೆಯನ್ನು ಮಾಡುವವನು ಮೊದಲು ಸಾಮಾನಿನ ಪಟ್ಟಿಯನ್ನು ಹಾಕುತ್ತಾನೆ. ಬಾಗಿಲ ಮುಂದೆ ರಂಗೋಲಿಯನ್ನಿಡುವ ಗೃಹಿಣಿಯೂ ಮೊದಲು ಚುಕ್ಕಿಗಳನ್ನಿಟ್ಟು ಅನಂತರ ಎಳೆಗಳನ್ನು ಸೇರಿಸುತ್ತಾಳೆ. ಹೀಗಿರುವಲ್ಲಿ ಕಥೆಯನ್ನು ಬರೆಯುವವನು ಮಾತ್ರ ಬರಿದಾದ ಹಾಳೆಯ ಮುಂದೆ ಕುಳಿತು, ಲೇಖನಿಯು ಎಳೆದತ್ತ ಹೋಗಬಹುದೆ? ಅಥವಾ ಅವನೂ ಮೊದಲು ಚುಕ್ಕಿಗಳನ್ನಿಟ್ಟುಕೊಳ್ಳಬೇಕೆ? ಈ ಪ್ರಶ್ನೆಯು ಹೊಸದಲ್ಲ. ಬರೆಯುವವರಲ್ಲಿ ಇದರ ವಿಷಯವಾಗಿ ಎರಡು ಪಂಗಡಗಳು ಬಹುಕಾಲದಿಂದ ಇವೆ. ಒಂದು ಪಂಗಡವು ಕೊನೆಯ ವಾಕ್ಯದವರೆಗೂ ಯೋಚಿಸಿದ ಮೇಲೆಯೇ ಮೊದಲ ವಾಕ್ಯವನ್ನು ಬರೆಯತಕ್ಕದ್ದೆನ್ನುತ್ತದೆ. ಇನ್ನೊಂದು ಪಂಗಡವು ಕಥೆಯು ತಾನಾಗಿ ಹುಟ್ಟತಕ್ಕದ್ದೇ ಹೊರತು ಕಟ್ಟತಕ್ಕದ್ದಲ್ಲವೆನ್ನುತ್ತದೆ.

ನಮ್ಮ ಅಭಿಮತವನ್ನು ಮೊದಲೇ ಹೇಳಿಬಿಡುವುದು ಲೇಸು. ಕಥೆಗೆ ನಕ್ಷೆಯು ಬೇಕು. ಆದರೆ ಅದು ದಾರಿಯನ್ನು ತೋರಿಸುವ ನಕ್ಷೆಯಾಗಿರಬೇಕೇ ಹೊರತು ಕಾಲನ್ನು ಕಟ್ಟುವ ಹಗ್ಗವಾಗಬಾರದು. ವಿಶೇಷವಾಗಿ, ಈಗ ತಾನೇ ಬರೆಯಲು ತೊಡಗಿರುವ ಕಿರಿಯರಿಗೆ ಅದು ಹಿರಿಯರಿಗಿಂತಲೂ ಹೆಚ್ಚಾಗಿ ಬೇಕು.

ಇದು ದೊಡ್ಡ ಸಾಹಿತಿಗಳಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ನಮ್ಮ ವಿದ್ಯಾರ್ಥಿಮಿತ್ರರು ಭಾವಿಸಬಾರದು. ಕಥಾಲೇಖನವು ನಿಮಗೆ ಪರಿಚಯವಾಗುವುದು ಬಹುಮಟ್ಟಿಗೆ ಪರೀಕ್ಷೆಯ ಮೂಲಕ. 'ಬಡ ಮರಕಡಿಯುವವನು – ನದಿಯಲ್ಲಿ ಕೊಡಲಿ ಬೀಳುವುದು – ದೇವತೆಯ ದರ್ಶನ – ಚಿನ್ನದ ಕೊಡಲಿ – ನೀತಿ' ಎಂದು ಕೆಲವು ಅಂಶಗಳನ್ನು ಕೊಟ್ಟು ಕಥೆಯನ್ನು ಬೆಳೆಸಿರೆಂದು ಕೇಳುವುದುಂಟು. ಅಲ್ಲಿ ನಕ್ಷೆಯನ್ನು ಬೇರೆಯವರು ಬರೆದಿರುತ್ತಾರೆ. ನೀವು ಗೋಡೆಗೆ ಸುಣ್ಣವನ್ನು ಬಳಿದರೆ ಸಾಕು. ಹೀಗೆ ಬರೆದು ಬರೆದು, ನಕ್ಷೆಯಿದ್ದ ಕಥೆಯೆಂದರೆ ಜೀವವಿಲ್ಲದ ಕಥೆಯೆಂಬ ಬೇಸರವು ಕೆಲವರಲ್ಲಿ ಹುಟ್ಟುತ್ತದೆ. ಅಂಥವರು ಮನೆಯಲ್ಲಿ ತಮ್ಮ ಸಂತೋಷಕ್ಕಾಗಿ ಕಥೆಯನ್ನು ಬರೆಯಹೊರಟಾಗ ನಕ್ಷೆಯನ್ನೇ ದೂರವಿಡುತ್ತಾರೆ. ಮೊದಲ ಪುಟವು ಉತ್ಸಾಹದಿಂದ ಹರಿಯುತ್ತದೆ, ಎರಡನೆಯದು ತೆವಳುತ್ತದೆ, ಮೂರನೆಯ ಪುಟದ ನಡುವೆ, ಮುಂದೇನಾಗಬೇಕೆಂದು ತಿಳಿಯದೆ, ವಹಿಯು ಮುಚ್ಚಿಹೋಗುತ್ತದೆ. ಪರೀಕ್ಷೆಯಲ್ಲಿ ಮುಗಿದ ಕಥೆಗೆ ಜೀವವಿಲ್ಲ. ಜೀವವಿದ್ದ ಕಥೆಯು ಮುಗಿಯಲಿಲ್ಲ. ಈ ಎರಡು ಕಷ್ಟಗಳ ನಡುವೆ ಎಷ್ಟು ಕಥೆಗಳು ನಮ್ಮ ಮಕ್ಕಳ ವಹಿಗಳಲ್ಲಿಯೇ ನಿಂತುಹೋಗಿವೆಯೋ! ಆದುದರಿಂದಲೇ ಈ ವಿಚಾರವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಚರ್ಚಿಸುವುದು ಉಚಿತವೆಂದು ಬಗೆದಿದ್ದೇವೆ.

ನಕ್ಷೆಯು ಬೇಡವೆನ್ನುವವರ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. ಅವರು ಹೇಳುವುದೇನೆಂದರೆ: ಮುಂದಾಗುವುದೆಲ್ಲವೂ ಬರೆಯುವವನಿಗೆ ಮೊದಲೇ ಗೊತ್ತಿದ್ದರೆ ಬರೆಯುವುದರಲ್ಲಿ ಅವನಿಗೇ ಕುತೂಹಲವಿರುವುದಿಲ್ಲ, ಬರೆಯುವವನಿಗೆ ಇಲ್ಲದ ಕುತೂಹಲವು ಓದುವವನಿಗೆ ಎಲ್ಲಿಂದ ಬರಬೇಕು? ಅಲ್ಲದೆ, ಕಥೆಯಲ್ಲಿ ಬರುವವರು ಚದುರಂಗದ ಕಾಯಿಗಳಲ್ಲ. ಅವರು ಮಾತನಾಡಲು ತೊಡಗಿದ ಮೇಲೆ ಅವರಿಗೆ ಅವರದೇ ಆದ ಸ್ವಭಾವವು ಬರುತ್ತದೆ, ಹಟವು ಬರುತ್ತದೆ. ಮೊದಲೇ ಗೊತ್ತುಮಾಡಿದ ಕೊನೆಗೆ ಅವರನ್ನು ಎಳೆದೊಯ್ದರೆ ಓದುವವನ ಕಣ್ಣಿಗೆ ಅವರ ಕೊರಳಿನ ಹಗ್ಗವು ಕಾಣುತ್ತದೆ. ಅಮೆರಿಕದ ಜನಪ್ರಿಯ ಕಾದಂಬರಿಕಾರರಾದ ಸ್ಟೀಫನ್ ಕಿಂಗ್ ಅವರು ಬರೆಯುವ ಕಲೆಯನ್ನು ಕುರಿತು ೨೦೦೦ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪಕ್ಷವನ್ನೇ ಹಿಡಿದಿದ್ದಾರೆ. ಕಥೆಯು ನೆಲದಲ್ಲಿ ಹೂತಿರುವ ಪಳೆಯುಳಿಕೆಯಂತೆ ಮೊದಲೇ ಇರುತ್ತದೆ, ಅದನ್ನು ಒಡೆಯದಂತೆ ಮೆಲ್ಲಗೆ ಅಗೆದು ತೆಗೆಯುವುದೇ ಲೇಖಕನ ಕೆಲಸ ಎಂಬುದು ಅವರ ಭಾವನೆ. ಇದಕ್ಕೆ ನೇರವಾಗಿ ವಿರುದ್ಧವಾದ ಪಕ್ಷವನ್ನು ಅದೇ ದೇಶದ ಎಡ್ಗರ್ ಅಲನ್ ಪೋ ಎಂಬ ಕವಿ-ಕಥೆಗಾರನು ೧೮೪೬ರಲ್ಲಿಯೇ ಒಂದು ಪ್ರಬಂಧದಲ್ಲಿ ಮಂಡಿಸಿದ್ದನು. ಕೊನೆಯನ್ನು ಸದಾ ಕಣ್ಣ ಮುಂದಿಟ್ಟುಕೊಂಡೇ ಬರೆಯಬೇಕು, ಪ್ರತಿಯೊಂದು ಮಾತೂ ಆ ಕೊನೆಯತ್ತ ನಡೆಯಬೇಕು ಎಂಬುದು ಅವನ ಮತ. ಒಂದೂವರೆ ಶತಮಾನದ ಅಂತರದಲ್ಲಿ ನಿಂತ ಈ ಇಬ್ಬರೂ ಜಗತ್ತು ಓದುವಂತಹ ಕಥೆಗಳನ್ನೇ ಬರೆದವರು. ಆದುದರಿಂದ ಯಾರು ದೊಡ್ಡವರೆಂದು ನೋಡಿ ತೀರ್ಪನ್ನು ಕೊಡಲು ಬರುವುದಿಲ್ಲ. ವಿಷಯವನ್ನೇ ಬಿಡಿಸಿ ನೋಡಬೇಕಾಗುತ್ತದೆ.

ನಮ್ಮ ದೇಶದ ಕಥೆಗಾರರಿಗೆಲ್ಲ ಮೂಲಪುರುಷರಾದ ವ್ಯಾಸರ ವಿಷಯದಲ್ಲಿ ಪ್ರಚಲಿತವಾಗಿರುವ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಮಹಾಭಾರತವನ್ನು ಬರೆದುಕೊಳ್ಳಲು ಗಣಪತಿಯು ಒಪ್ಪಿದನು; ಆದರೆ ತನ್ನ ಲೇಖನಿಯು ನಡುವೆ ನಿಲ್ಲಬಾರದೆಂಬ ಕರಾರನ್ನು ಹಾಕಿದನು. ವ್ಯಾಸರು ಅರ್ಥವನ್ನು ತಿಳಿಯದೆ ಒಂದಕ್ಷರವನ್ನೂ ಬರೆಯಬಾರದೆಂಬ ಪ್ರತಿಕರಾರನ್ನು ಹಾಕಿದರು. ಮುಂದಿನದನ್ನು ಆಲೋಚಿಸಲು ಸಮಯವು ಬೇಕಾದಾಗಲೆಲ್ಲ ಅವರು ಒಂದು ಗಂಟುಶ್ಲೋಕವನ್ನು ಹೇಳುತ್ತಿದ್ದರಂತೆ. ಗಣಪತಿಯು ಅದನ್ನು ಬಿಡಿಸುವಷ್ಟರಲ್ಲಿ ಅವರ ಮನಸ್ಸಿನಲ್ಲಿ ಮುಂದಿನ ಶ್ಲೋಕಗಳು ಸಿದ್ಧವಾಗುತ್ತಿದ್ದುವಂತೆ. ಭಾದ್ರಪದ ಮಾಸದಲ್ಲಿ ಗಲ್ಲಿಗೊಂದು ಗಣಪತಿಯನ್ನು ಕೂರಿಸುವ ಊರುಗಳಲ್ಲಿ ವಾಸಿಸುವ ನಾವು ಈ ಕಥೆಯ ಒಳತಿರುಳನ್ನು ಗಮನಿಸಬೇಕು. ನಿಲ್ಲದೆ ಓಡುವ ಲೇಖನಿಗೆ ಗಣಪತಿಯು ಸಂಕೇತ. ನಿಂತು ಆಲೋಚಿಸುವ ಮನಸ್ಸಿಗೆ ವ್ಯಾಸರು ಸಂಕೇತ. ಇಬ್ಬರೂ ಕೂಡಿದಾಗಲೇ ಭಾರತವು ಆಯಿತು.

ನಮ್ಮ ಕುಮಾರವ್ಯಾಸನ ಉದಾಹರಣೆಯನ್ನು ಕೊಟ್ಟು ಯಾರಾದರೂ ಇದನ್ನು ಅಲ್ಲಗಳೆಯಬಹುದು. ತಾನು ಕರಡನ್ನು ಮಾಡಿಕೊಳ್ಳದೆ, ಬರೆದುದನ್ನು ತಿದ್ದಿ ಅಳಿಸದೆ, ನೇರವಾಗಿ ಕಾವ್ಯವನ್ನು ಬರೆದೆನೆಂದು ಆ ಮಹಾಕವಿಯು ಅಭಿಮಾನದಿಂದ ಹೇಳಿಕೊಂಡಿರುವುದು ನಿಜ. ಆದರೆ ಅವನು ಹಿಡಿದ ಕಥೆಯು ಯಾವುದು? ಸಾವಿರಾರು ವರ್ಷಗಳಿಂದ ಜನರ ನಾಲಗೆಯ ಮೇಲಿದ್ದ ಭಾರತದ ಕಥೆ. ಯಾರು ಗೆಲ್ಲುವರು, ಯಾರು ಬೀಳುವರು, ದ್ರೌಪದಿಯ ಮುಡಿಯು ಎಂದು ಕಟ್ಟುವುದು ಎಂಬುದೆಲ್ಲ ಅವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅಷ್ಟೇ ಅಲ್ಲ, ತನ್ನ ಕಾವ್ಯವನ್ನು ಹದಿನೆಂಟು ಪರ್ವಗಳವರೆಗೆ ಎಳೆಯದೆ ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ಅವನು ನಿಲ್ಲಿಸಿದನು. ಬಳಪವನ್ನು ಹಿಡಿಯದ ಕವಿಗೆ ನಕ್ಷೆಯಿರಲಿಲ್ಲವೆನ್ನುವುದು ಸರಿಯಲ್ಲ. ಪರಂಪರೆಯೇ ಅವನಿಗೆ ನಕ್ಷೆಯನ್ನು ಬರೆದುಕೊಟ್ಟಿತ್ತು. ನಕ್ಷೆಯ ಚಿಂತೆಯು ಇಲ್ಲದುದರಿಂದಲೇ ಅವನ ಭಾಷೆಯು ಅಷ್ಟು ಸ್ವಚ್ಛಂದವಾಗಿ ಕುಣಿಯಿತೆಂದು ಹೇಳಿದರೆ ತಪ್ಪಾಗಲಾರದು. ಇಂದಿನ ಕಥೆಗಾರನಿಗೆ ಆ ಸೌಕರ್ಯವಿಲ್ಲ. ಅವನ ಕಥೆಯು ಅವನದೇ. ಆದುದರಿಂದ ಅದರ ನಕ್ಷೆಯನ್ನೂ ಅವನೇ ಬರೆದುಕೊಳ್ಳಬೇಕು.

ನಾವು ನಾವೆಲ್ಲಿಗೆ 'ಕಾದಂಬರಿ' ಎಂಬ ಹೆಸರನ್ನು ಕೊಟ್ಟಿರುವುದು ಬಾಣಭಟ್ಟನ ಗದ್ಯಕಾವ್ಯದಿಂದ. ಒಂದನೆಯ ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಶೂದ್ರಕರಾಜನ ಆಸ್ಥಾನದಲ್ಲಿ ಒಂದು ಗಿಳಿಯು ಕಥೆಯನ್ನು ಹೇಳುತ್ತದೆ. ಆ ಕಥೆಯೊಳಗೆ ಋಷಿಯೊಬ್ಬನು ಇನ್ನೊಂದು ಕಥೆಯನ್ನು ಹೇಳುತ್ತಾನೆ. ಅದರೊಳಗೆ ಮಹಾಶ್ವೇತೆಯು ತನ್ನ ಕಥೆಯನ್ನು ಹೇಳುತ್ತಾಳೆ. ಕೊನೆಗೆ ಗಿಳಿಯೂ ರಾಜನೂ ಯಾರೆಂಬುದು ತಿಳಿದಾಗ ಎಲ್ಲ ಎಳೆಗಳೂ ಒಂದೇ ಗಂಟಿನಲ್ಲಿ ಕೂಡುತ್ತವೆ. ಮೊದಲ ಪುಟದಲ್ಲಿಯೇ ಕೊನೆಯನ್ನು ಕಾಣದವನು ಇಂತಹ ಕಥೆಯನ್ನು ಹೆಣೆಯಲಾರನು. ಬಾಣನು ಅದನ್ನು ಮುಗಿಸದೆ ತೀರಿಕೊಂಡನು. ಅವನ ಮಗನು ಉತ್ತರಭಾಗವನ್ನು ಬರೆದು ಪೂರ್ಣಗೊಳಿಸಿದನು. ತಂದೆಯ ಶೈಲಿಯು ಮಗನಿಗೆ ಪೂರ್ತಿಯಾಗಿ ಬರಲಿಲ್ಲವೆಂದು ವಿಮರ್ಶಕರು ಹೇಳಬಹುದು. ಆದರೆ ಕಥೆಯ ಮೂಲವು ಬೃಹತ್ಕಥೆಯ ಪರಂಪರೆಯಲ್ಲಿ ಇದ್ದುದರಿಂದ ಅದು ಅನಾಥವಾಗಲಿಲ್ಲ. ಇದಕ್ಕೆ ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನ ಕೊನೆಯ ಕಾದಂಬರಿಯನ್ನು ಹೋಲಿಸಿ ನೋಡಿರಿ. ಹನ್ನೆರಡು ಸಂಚಿಕೆಗಳಲ್ಲಿ ಹೊರಬರಬೇಕಾಗಿದ್ದ ಆ ರಹಸ್ಯಕಥೆಯ ಅರ್ಧಭಾಗವನ್ನು ಬರೆಯುವಷ್ಟರಲ್ಲಿ, ೧೮೭೦ರಲ್ಲಿ, ಅವನು ಮರಣ ಹೊಂದಿದನು. ಕಥೆಯ ತರುಣನಿಗೆ ಏನಾಯಿತೆಂಬುದನ್ನು ಓದುಗರು ಇಂದಿಗೂ ಊಹಿಸುತ್ತಲೇ ಇದ್ದಾರೆ. ಆರಂಭದಲ್ಲಿ ತಿಂಗಳು ತಿಂಗಳಿಗೆ ಲೇಖನಿಯ ವೇಗದಿಂದಲೇ ಬರೆಯುತ್ತಿದ್ದ ಡಿಕನ್ಸನು, ಪ್ರೌಢನಾದ ಮೇಲೆ ಪ್ರತಿಯೊಂದು ಸಂಚಿಕೆಗೂ ಟಿಪ್ಪಣಿಯ ಹಾಳೆಗಳನ್ನು ಮಾಡಿಕೊಳ್ಳುತ್ತಿದ್ದನೆಂಬುದು ಇಲ್ಲಿ ನೆನಪಿಡತಕ್ಕ ಸಂಗತಿ. ಅನುಭವವು ಬೆಳೆದಂತೆ ಅವನಿಗೆ ನಕ್ಷೆಯ ಅಗತ್ಯವು ಕಡಮೆಯಾಗಲಿಲ್ಲ, ಹೆಚ್ಚಾಯಿತು.

ಇನ್ನು ನಮ್ಮ ಕನ್ನಡದ ಕಾದಂಬರಿಗಳನ್ನು ನೋಡೋಣ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ವು ೧೯೫೬ರಲ್ಲಿ ಪ್ರಕಟವಾಯಿತು. ೧೮೩೪ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತೆಂಬುದು ಇತಿಹಾಸದ ಪಾಠವನ್ನು ಓದಿದ ಯಾರಿಗಾದರೂ ಗೊತ್ತು. ಲೇಖಕರಿಗೂ ಗೊತ್ತಿದ್ದ, ಓದುಗರಿಗೂ ಗೊತ್ತಿದ್ದ ಕೊನೆಯದು. ಅದರಿಂದ ಕುತೂಹಲವು ಸತ್ತಿತೆ? ಇಲ್ಲ. ಒಂದು ರಾಜ್ಯವು ಬಿದ್ದಿತೆಂಬುದಕ್ಕಿಂತ ಅದು ಹೇಗೆ ಬಿದ್ದಿತು, ಯಾರ ಯಾರ ಯಾವ ದೌರ್ಬಲ್ಯದಿಂದ ಬಿದ್ದಿತು ಎಂಬುದೇ ನಮ್ಮನ್ನು ಪುಟದಿಂದ ಪುಟಕ್ಕೆ ಒಯ್ಯುತ್ತದೆ. ಎಸ್. ಎಲ್. ಭೈರಪ್ಪನವರು (೧೯೩೧–೨೦೨೫) ೧೯೭೯ರಲ್ಲಿ ಪ್ರಕಟವಾದ 'ಪರ್ವ'ವನ್ನು ಬರೆಯುವ ಮೊದಲು ಗ್ರಂಥಗಳನ್ನು ಓದಿದುದಲ್ಲದೆ ಮಹಾಭಾರತಕ್ಕೆ ಸಂಬಂಧಿಸಿದ ಸ್ಥಳಗಳಲ್ಲಿ ಸಂಚಾರ ಮಾಡಿದರು. ಅದೇ ೧೯೭೯ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಬಾಳಿ ಬರೆದ ಯಶವಂತ ಚಿತ್ತಾಲರ (೧೯೨೮–೨೦೧೪) 'ಶಿಕಾರಿ'ಯೂ ಹೊರಬಂದಿತು. ಕಂಪನಿಯ ಅಧಿಕಾರಿಯಾದ ನಾಗಪ್ಪನು ಕೆಲಸದಿಂದ ದೂರವಿಡಲ್ಪಟ್ಟು, ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಏಕೆ ಎಂದು ಹುಡುಕುತ್ತಾ ಹೋಗುತ್ತಾನೆ. ಅವನಿಗೆ ಗೊತ್ತಿಲ್ಲದುದು ಓದುಗನಿಗೂ ಗೊತ್ತಿಲ್ಲ. ಆದರೆ ಯಾವ ಸಂಗತಿಯನ್ನು ಎಲ್ಲಿ ಮುಚ್ಚಿಡಬೇಕು, ಎಲ್ಲಿ ತೆರೆಯಬೇಕು ಎಂಬ ಎಚ್ಚರವು ಬರೆಯುವವನಲ್ಲಿ ಇಲ್ಲದಿದ್ದರೆ ಇಂತಹ ಕಥೆಯು ನಿಲ್ಲುವುದೆ? ಬಚ್ಚಿಡಲು ಬೇಕಾದರೂ ವಸ್ತುವು ಮೊದಲು ಕೈಯಲ್ಲಿರಬೇಕಷ್ಟೆ.

ಆದರೂ ನಕ್ಷೆಯು ಬೇಡವೆನ್ನುವವರ ಮಾತಿನಲ್ಲಿ ಇರುವ ಸತ್ಯವನ್ನು ನಾವು ಬಿಟ್ಟುಕೊಡಲಾರೆವು. ಆ ಸತ್ಯಕ್ಕೂ ನಕ್ಷೆಗೂ ವಿರೋಧವಿಲ್ಲವೆಂಬುದಕ್ಕೆ ನಮ್ಮ ತಾಳಮದ್ದಳೆಯೇ ಸಾಕ್ಷಿ. ಕರಾವಳಿಯಿಂದ ಬಂದ ಮನೆತನಗಳ ಮಕ್ಕಳು ಈ ಊರುಗಳಲ್ಲಿಯೂ ಅದನ್ನು ಕೇಳಿರಬಹುದು. 'ವಾಲಿವಧೆ'ಯ ಪ್ರಸಂಗವೆಂದು ಇಟ್ಟುಕೊಳ್ಳಿರಿ. ಪದ್ಯಗಳು ಹಿಂದಿನ ಕವಿಯು ಬರೆದಿಟ್ಟವು. ಭಾಗವತರು ಅವನ್ನು ಕ್ರಮವಾಗಿ ಹಾಡುತ್ತಾರೆ. ವಾಲಿಯು ಬೀಳತಕ್ಕವನೇ, ಅದರಲ್ಲಿ ವ್ಯತ್ಯಾಸವಿಲ್ಲ. ಆದರೆ ಬಾಣವು ತಗುಲಿ ಬಿದ್ದ ವಾಲಿಯು ರಾಮನನ್ನು ಏನೇನು ಕೇಳುವನು, ರಾಮನು ಏನೆಂದು ಉತ್ತರ ಕೊಡುವನು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಅರ್ಥಧಾರಿಗಳು ಆ ಕ್ಷಣದಲ್ಲಿ ಆಡಿದುದೇ ಮಾತು. ಇಂದು ಕೇಳಿದ ವಾಲಿಯು ನಾಳೆ ಕೇಳುವ ವಾಲಿಯಲ್ಲ. ಒಮ್ಮೊಮ್ಮೆ ಸೋಲಬೇಕಾದ ವಾಲಿಯೇ ವಾದದಲ್ಲಿ ಗೆದ್ದಂತೆ ತೋರುವುದುಂಟು. ಪ್ರಸಂಗವಿಲ್ಲದೆ ಮಾತು ನಡೆದರೆ ಅದು ಕೇವಲ ವಾಗ್ವಾದವಾದೀತು. ಮಾತನ್ನೂ ಮೊದಲೇ ಬರೆದು ಬಾಯಿಪಾಠ ಮಾಡಿದರೆ ತಾಳಮದ್ದಳೆಯ ಪ್ರಾಣವೇ ಹೋದೀತು. ಕಥೆಗಾರನು ಒಬ್ಬನೇ ಭಾಗವತನೂ ಅರ್ಥಧಾರಿಯೂ ಆಗಿರಬೇಕು. ಭಾಗವತನಾಗಿ ಅವನು ಪ್ರಸಂಗದ ಅಂಕೆಯನ್ನು ಹಿಡಿದಿರಲಿ. ಅರ್ಥಧಾರಿಯಾಗಿ ಆ ಹೊತ್ತಿನ ಮಾತನ್ನು ಆ ಹೊತ್ತಿಗೆ ಹುಡುಕಲಿ.

ನಕ್ಷೆಯ ಗುಣವನ್ನೂ ಅದರ ಅಪಾಯವನ್ನೂ ಕಣ್ಣಾರೆ ನೋಡಬೇಕಾದರೆ ನಾವು ವಾಸಿಸುವ ಊರುಗಳನ್ನೇ ನೋಡಬಹುದು. ನಮ್ಮ ನೆರೆಯ ನವಿ ಮುಂಬಯಿಯು ಮೊದಲು ಕಾಗದದ ಮೇಲೆ ಹುಟ್ಟಿದ ನಗರ. ಮುಂಬಯಿಯ ಜನಸಂದಣಿಯನ್ನು ತಗ್ಗಿಸಲು ಖಾಡಿಯ ಆಚೆಗೆ ಹೊಸ ನಗರವನ್ನು ಕಟ್ಟಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ ಪಟೇಲ ಎಂಬ ತಜ್ಞರು ೧೯೬೦ರ ದಶಕದಲ್ಲಿ ಸೂಚಿಸಿದರು. ೧೯೭೦ರಲ್ಲಿ ಅದಕ್ಕಾಗಿ ಸಿಡ್ಕೊ ಸಂಸ್ಥೆಯು ಸ್ಥಾಪನೆಯಾಯಿತು. ವಾಶಿ, ನೆರೂಳ, ಬೇಲಾಪುರ ಮೊದಲಾದ ಉಪನಗರಗಳಿಗೆ ಸೆಕ್ಟರುಗಳು, ರಸ್ತೆಗಳು, ಪೇಟೆಗಳು ಎಲ್ಲವೂ ಗೊತ್ತಾದುವು. ಆದರೆ ನಡೆದುದೆಲ್ಲವೂ ನಕ್ಷೆಯಂತೆಯೇ ನಡೆಯಿತೆ? ಸರಕಾರದ ಮುಖ್ಯ ಕಚೇರಿಗಳು ಖಾಡಿಯನ್ನು ದಾಟಿ ಬರುವುವೆಂಬ ನಿರೀಕ್ಷೆಯು ಸಫಲವಾಗಲಿಲ್ಲ. ಮಂತ್ರಾಲಯವು ದಕ್ಷಿಣ ಮುಂಬಯಿಯಲ್ಲಿಯೇ ಉಳಿಯಿತು. ಮಾನಖುರ್ದದಿಂದ ವಾಶಿಗೆ ರೈಲು ಬರಲು ೧೯೯೨ನೆಯ ಇಸವಿಯಾಯಿತು. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಕಾಗದದ ಮೇಲೆ ಖಾಲಿಯಾಗಿ ಕಂಡ ಆ ನೆಲವು ಖಾಲಿಯಾಗಿರಲಿಲ್ಲ. ಅಲ್ಲಿ ಆಗರಿಗಳೂ ಕೋಳಿಗಳೂ ಗದ್ದೆ, ಉಪ್ಪಿನ ಆಗರ, ಮೀನುಗಾರಿಕೆಗಳಿಂದ ಬದುಕುತ್ತಿದ್ದ ೯೫ ಗ್ರಾಮಗಳ ಭೂಮಿಯಿತ್ತು. ನ್ಯಾಯವಾದ ಪ್ರತಿಫಲಕ್ಕಾಗಿ ಆ ರೈತರು ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಹೋರಾಡಬೇಕಾಯಿತು. ೧೯೮೪ರ ಜನವರಿಯ ಚಳವಳಿಯಲ್ಲಿ ಪ್ರಾಣಗಳೇ ಹೋದುವು. ಅನಂತರವೇ, ವಶಪಡಿಸಿಕೊಂಡ ಭೂಮಿಗೆ ಪ್ರತಿಯಾಗಿ ಶೇಕಡಾ ೧೨.೫ರ ಲೆಕ್ಕದಲ್ಲಿ ಅಭಿವೃದ್ಧಿಗೊಂಡ ನೆಲವನ್ನು ಅವರಿಗೆ ಹಿಂದಿರುಗಿಸುವ ಕ್ರಮವು ಜಾರಿಗೆ ಬಂದಿತು. ನಕ್ಷೆಯನ್ನು ಬರೆಯುವವನು ಮೊದಲು ಕೇಳಬೇಕಾದುದು 'ಇಲ್ಲಿ ಏನನ್ನು ಕಟ್ಟಲಿ?' ಎಂದಲ್ಲ, 'ಇಲ್ಲಿ ಈಗಾಗಲೇ ಯಾರಿದ್ದಾರೆ?' ಎಂದು. ಕಥೆಗಾರನೂ ಇದನ್ನೇ ಕೇಳಬೇಕು. ಘಟನೆಗಳ ನಕ್ಷೆಗಿಂತ ಮುಂಚೆ ಅದರಲ್ಲಿ ಬಾಳುವ ಜನರನ್ನು ಅವನು ಅರಿತಿರಬೇಕು. ಅರಿಯದೆ ಬರೆದ ನಕ್ಷೆಯ ವಿರುದ್ಧ ಅವನ ಪಾತ್ರಗಳು ದಂಗೆಯೇಳುವುದು ಖಂಡಿತ. ಆಗ ತಿದ್ದಬೇಕಾದುದು ನಕ್ಷೆಯನ್ನು, ಪಾತ್ರಗಳನ್ನಲ್ಲ.

ಇನ್ನೊಂದು ಕಡೆಗೆ ಕಲ್ಯಾಣವಿದೆ. ಬಸವಣ್ಣನವರ ಕಲ್ಯಾಣವಲ್ಲ, ಉಲ್ಲಾಸ ನದಿಯ ಖಾಡಿಯ ಮೇಲಿನ ನಮ್ಮ ಕಲ್ಯಾಣ. ಕಾನ್ಹೇರಿಯ ಗುಹೆಗಳ ಪ್ರಾಚೀನ ಶಾಸನಗಳಲ್ಲಿ ಈ ಊರಿನ ದಾನಿಗಳ ಹೆಸರುಗಳಿವೆ. ಸಿಡ್ಕೊದಂತಹ ಸಂಸ್ಥೆಯು ಈ ಊರಿನ ಹಳೆಯ ಬೀದಿಗಳನ್ನು ಗೆರೆಯೆಳೆದು ಹಾಕಲಿಲ್ಲ. ಹಾಗೆಂದು ಅದು ಕಾರಣವಿಲ್ಲದೆ ಬೆಳೆದ ಊರೂ ಅಲ್ಲ. ಖಾಡಿಯಿದ್ದುದರಿಂದ ಬಂದರಾಯಿತು, ಬಂದರಿದ್ದುದರಿಂದ ಪೇಟೆಯಾಯಿತು, ಅದನ್ನು ಕಾಯಲು ಕೋಟೆಯಾಯಿತು, ಕೊನೆಗೆ ರೈಲಿನ ಜಂಕ್ಷನ್ ಆಯಿತು. ನಕ್ಷೆಯಿಲ್ಲದೆ ಬರೆದೆನೆಂದು ಹೇಳುವ ಒಳ್ಳೆಯ ಲೇಖಕನ ಕಥೆಯೂ ಹೀಗೆಯೇ. ಅಲ್ಲಿ ಕಾಗದದ ನಕ್ಷೆಯಿರಲಾರದು. ಆದರೆ ಒಂದರಿಂದ ಒಂದು ಹುಟ್ಟುವ ಒಳಕಾರಣವಿರುತ್ತದೆ. ಹತ್ತಾರು ವರ್ಷ ಓದಿ ಬರೆದ ಮನಸ್ಸಿನಲ್ಲಿ ಆ ಕಾರಣಜ್ಞಾನವು ಕಾಣದಂತೆ ಕೆಲಸ ಮಾಡುತ್ತಿರುತ್ತದೆ. ಪಳಗಿದ ಅಡಿಗೆಯವಳು ಉಪ್ಪನ್ನು ಅಳೆಯುವುದಿಲ್ಲವೆಂದು, ಮೊದಲ ದಿನ ಒಲೆಯ ಮುಂದೆ ನಿಂತವಳೂ ಅಳೆಯದೆ ಹಾಕಿದರೆ ಏನಾದೀತೆಂಬುದನ್ನು ಹೇಳಬೇಕಾದುದಿಲ್ಲ. ಹಿರಿಯರು ನಕ್ಷೆಯನ್ನು ಬಿಟ್ಟಿದ್ದರೆ ಅದು ಅವರ ಕೈಗೆ ಹತ್ತಿದೆಯೆಂದರ್ಥ. ಕಿರಿಯರು ಅವರ ಸ್ವಾತಂತ್ರ್ಯವನ್ನು ಅನುಕರಿಸುವ ಮೊದಲು ಅವರ ಸಾಧನೆಯನ್ನು ಅನುಕರಿಸಬೇಕು.

ನಕ್ಷೆಯು ಎಷ್ಟು ವಿವರವಾಗಿರಬೇಕೆಂಬುದು ಕಥೆಯ ಉದ್ದವನ್ನು ಅವಲಂಬಿಸಿದೆ. ಸಣ್ಣಕಥೆಗೆ ಮೂರು ವಾಕ್ಯಗಳು ಸಾಕು: ಇದು ಯಾರ ಕಥೆ ಮತ್ತು ಅವರಿಗೆ ಬೇಕಾದುದೇನು? ಅದಕ್ಕೆ ಅಡ್ಡಿಯೇನು? ಕಥೆಯು ಮುಗಿಯುವಾಗ ಯಾವುದು ಮೊದಲಿನಂತಿಲ್ಲ? ಕಲ್ಯಾಣದಲ್ಲಿ ಹಳಿಗಳು ಕವಲೊಡೆದು ಒಂದು ಕಸಾರೆಯ ಕಡೆಗೂ ಇನ್ನೊಂದು ಕರ್ಜತದ ಕಡೆಗೂ ಹೋಗುವುದನ್ನು ನೀವೆಲ್ಲರೂ ಬಲ್ಲಿರಿ. ಪ್ರತಿಯೊಂದು ಕಥೆಯಲ್ಲಿಯೂ ಇಂತಹ ಒಂದು ಕಲ್ಯಾಣವು ಬರುತ್ತದೆ. ಅಲ್ಲಿಗೆ ಬರುವ ಮೊದಲೇ ತನ್ನ ಗಾಡಿಯು ಯಾವ ಕಡೆಗೆ ತಿರುಗತಕ್ಕದ್ದೆಂದು ಬರೆಯುವವನಿಗೆ ಗೊತ್ತಿರಬೇಕು. ದಾರಿಯಲ್ಲಿ ಕಿಟಕಿಯಿಂದ ಏನೇನು ಕಾಣುವುದೆಂಬುದು ಗೊತ್ತಿರಬೇಕಾಗಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಡೊಂಬಿವಲಿಯ ಚಾಳಿನಲ್ಲಿರುವ ಹುಡುಗನೊಬ್ಬನಿದ್ದಾನೆ. ಅವನ ತಂದೆಯು ಠಾಣೆಯ ಒಂದು ಹೋಟೆಲಿನಲ್ಲಿ ಸಪ್ಲಾಯರ್. ಮಗನು ಏಳುವ ಮೊದಲೇ ಹೋಗಿ, ಮಲಗಿದ ಮೇಲೆ ಬರುವವನು. ಶಾಲೆಯ ವಾರ್ಷಿಕೋತ್ಸವದಲ್ಲಿ ತಾನು ಭಾಷಣ ಮಾಡುವುದನ್ನು ತಂದೆಯು ಒಮ್ಮೆಯಾದರೂ ಕೇಳಬೇಕೆಂಬುದು ಹುಡುಗನ ಆಸೆ. ಅಡ್ಡಿಯೆಂದರೆ, ಅದು ಸಂಜೆಯ ಗಿರಾಕಿಗಳ ಹೊತ್ತು, ರಜೆಯು ಸಿಗುವುದಿಲ್ಲ. ಕೊನೆಯಲ್ಲಿ ತಂದೆಯು ಸಭಾಂಗಣದ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾನೆ, ಚಪ್ಪಾಳೆಯು ಬೀಳುತ್ತದೆ ಎಂದು ನೀವು ನಕ್ಷೆಯನ್ನು ಮಾಡಿದಿರೆನ್ನಿರಿ. ಬರೆಯುತ್ತಾ ಹೋದಂತೆ ಒಂದು ಪ್ರಶ್ನೆಯು ಏಳುತ್ತದೆ: ತಂದೆಯು ಬರಬೇಕಾದರೆ ಆ ಸಂಜೆ ಅವನ ಮೇಜುಗಳನ್ನು ನೋಡಿಕೊಂಡವರು ಯಾರು? ಹಾಗೆ ಕೇಳಿದೊಡನೆ ಇನ್ನೊಬ್ಬನು ಕಥೆಯೊಳಕ್ಕೆ ಬರುತ್ತಾನೆ. ಊರಿನಲ್ಲಿ ಮಕ್ಕಳನ್ನು ಬಿಟ್ಟು ಬಂದ, ವರ್ಷಕ್ಕೊಮ್ಮೆ ಅವರ ಮುಖವನ್ನು ನೋಡುವ ಒಬ್ಬ ಜೊತೆಗೆಲಸದವನು. ತನ್ನ ಕೆಲಸದ ಮೇಲೆ ಇನ್ನೊಬ್ಬನ ಕೆಲಸವನ್ನೂ ಹೊತ್ತವನು ಅವನೇ. ಈಗ ಕಥೆಯ ಕೊನೆಯು ಸಭಾಂಗಣದಲ್ಲಿ ನಿಲ್ಲಲಾರದು. ಮರುದಿನ ಹುಡುಗನು ಹೋಟೆಲಿಗೆ ಹೋಗಿ ಆ ಮನುಷ್ಯನ ಮುಂದೆ ನಿಂತು ಅದೇ ಭಾಷಣವನ್ನು ಮಾಡಬೇಕಾದೀತು. ನಿಮ್ಮ ಮೊದಲ ನಕ್ಷೆಯು ವ್ಯರ್ಥವಾಯಿತೆ? ಆಗಲಿಲ್ಲ. ಅದಿಲ್ಲದಿದ್ದರೆ ಆ ಪ್ರಶ್ನೆಯು ಏಳುತ್ತಲೇ ಇರಲಿಲ್ಲ. ಅದನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದರೆ ಉತ್ತರವು ದೊರೆಯುತ್ತಿರಲಿಲ್ಲ.

ಎಷ್ಟು ಪ್ರಯತ್ನಿಸಿದರೂ ಮೊದಲೇ ಯೋಚಿಸಲು ಬಾರದವರು ಕೆಲವರಿರುತ್ತಾರೆ. ಕೈಯು ಬರೆದ ಹೊರತು ಅವರ ಮನಸ್ಸು ತೆರೆಯುವುದಿಲ್ಲ. ಅಂಥವರು ಬರೆದುಬಿಡಲಿ. ಆದರೆ ಬರೆದ ಮೇಲೆ ಎರಡು ದಿನ ಬಿಟ್ಟು, ತಾವು ಬರೆದುದರ ಅಂಶಗಳನ್ನು ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳಲಿ. ಯಾವುದು ಯಾವುದರಿಂದ ಹುಟ್ಟಿತು, ಯಾವುದು ಸುಮ್ಮನೆ ಬಂದು ನಿಂತಿದೆ, ಎಲ್ಲಿ ಕೊಂಡಿಯು ಕಳಚಿದೆ ಎಂಬುದು ಆಗ ಕಾಣುತ್ತದೆ. ಅದೂ ನಕ್ಷೆಯೇ; ಮನೆಯನ್ನು ಕಟ್ಟಿದ ಮೇಲೆ ಬರೆದ ನಕ್ಷೆ. ಅದನ್ನು ಹಿಡಿದುಕೊಂಡು ಎರಡನೆಯ ಸಲ ಬರೆಯಬೇಕು. ಹೀಗೆ ನೋಡಿದರೆ ಕಥೆಗಾರನಿಗೆ ನಕ್ಷೆಯಿಂದ ಬಿಡುಗಡೆಯೆಂಬುದೇ ಇಲ್ಲ. ಮುಂಚೆ ಯೋಚಿಸುವವನು ಮೂರು ವಾಕ್ಯಗಳಲ್ಲಿ ಮುಗಿಸುವ ಕೆಲಸವನ್ನು ಆಮೇಲೆ ಯೋಚಿಸುವವನು ಮೂವತ್ತು ಪುಟಗಳನ್ನು ತಿದ್ದಿ ಮಾಡುತ್ತಾನೆ. ವ್ಯತ್ಯಾಸವಿರುವುದು ಶ್ರಮದಲ್ಲಿ ಮತ್ತು ಸಮಯದಲ್ಲಿ. ಪಾಠ, ಪರೀಕ್ಷೆ, ಮನೆಗೆಲಸಗಳ ನಡುವೆ ಕದ್ದ ಅರ್ಧ ಗಂಟೆಯಲ್ಲಿ ಬರೆಯುವ ವಿದ್ಯಾರ್ಥಿಗೆ ಮೊದಲನೆಯ ದಾರಿಯೇ ಹಿತವೆಂದು ಬೇರೆ ಹೇಳಬೇಕೆ?

ಕಥೆಯು ಮುಗಿಯಬೇಕೆಂದು ನಾವು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ. ನಮ್ಮ ಊರುಗಳ ಕನ್ನಡ ಬದುಕನ್ನು ಬಲ್ಲವರು ನೀವು. ನೆರೆಮನೆಯೊಡನೆ ಮರಾಠಿ, ರೈಲಿನಲ್ಲಿ ಹಿಂದಿ, ಮನೆಯಲ್ಲಿ ತುಳುವೋ ಕೊಂಕಣಿಯೋ ವಿಜಾಪುರದ ಕನ್ನಡವೋ ಕುಂದಾಪುರದ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ; ಒಂದೇ ದಿನದಲ್ಲಿ ಇಷ್ಟು ಮಾತುಗಳ ನಡುವೆ ಓಡಾಡುವ ಮಕ್ಕಳ ಅನುಭವವು ಧಾರವಾಡದಲ್ಲಿ ಕುಳಿತವರಿಗೆ ದೊರೆಯತಕ್ಕದ್ದಲ್ಲ, ಮೈಸೂರಿನಲ್ಲಿ ಕುಳಿತವರಿಗೂ ದೊರೆಯತಕ್ಕದ್ದಲ್ಲ. ಮುಂಬಯಿಯ ಬದುಕನ್ನು ವ್ಯಾಸರಾಯ ಬಲ್ಲಾಳರು ಬರೆದರು, ಚಿತ್ತಾಲರು ಬರೆದರು, ಜಯಂತ ಕಾಯ್ಕಿಣಿಯವರು ಬರೆದರು. ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯದ ಸಾಹಿತ್ಯಕ್ಕಾಗಿ ಮೀಸಲಾದ ೨೦೧೮ರ ಡಿ. ಎಸ್. ಸಿ. ಬಹುಮಾನವು ಬಂದಿತು. ಈ ಮೂವರೂ ಕರ್ನಾಟಕದಲ್ಲಿ ಹುಟ್ಟಿ ಇಲ್ಲಿಗೆ ಬಂದು ಬರೆದವರು. ಇಲ್ಲಿಯೇ ಹುಟ್ಟಿ, ಊರನ್ನು ರಜೆಯಲ್ಲಿ ಮಾತ್ರ ಕಂಡು, ಠಾಣೆ-ಕಲ್ಯಾಣಗಳನ್ನೇ ತನ್ನ ಊರೆಂದು ಬಲ್ಲ ಮಗುವಿನ ಕಥೆಯನ್ನು ಅವರಿಗಿಂತ ನೀವೇ ಹತ್ತಿರದಿಂದ ಹೇಳಬಲ್ಲಿರಿ. ನಗರದಲ್ಲಿ ಕನ್ನಡ ಮಾಧ್ಯಮದ ತರಗತಿಗಳು ವರ್ಷೇ ವರ್ಷೇ ಬರಿದಾಗುತ್ತಿರುವುದನ್ನು ನಾವು ನೋಡುತ್ತಿದ್ದೇವೆ. ಈ ಬದುಕನ್ನು ಕನ್ನಡದಲ್ಲಿ ಬರೆಯಬಲ್ಲ ಕೈಗಳು ಮುಂದೆ ಎಷ್ಟಿರುವುವೋ ಹೇಳಲಾಗದು. ಅಂತಹ ಕೈಯೊಂದು ಮೂರನೆಯ ಪುಟದಲ್ಲಿ ನಿಂತರೆ ಅದು ಒಬ್ಬ ಹುಡುಗನ ಅಥವಾ ಹುಡುಗಿಯ ನಷ್ಟ ಮಾತ್ರವಲ್ಲ, ಕನ್ನಡದ ನಷ್ಟ.

ಆದುದರಿಂದ ವಿದ್ಯಾರ್ಥಿಮಿತ್ರರೇ, ಅರ್ಧಕ್ಕೆ ನಿಂತ ಕಥೆಯ ವಹಿಯನ್ನು ಹೊರಕ್ಕೆ ತೆಗೆಯಿರಿ. ಅದನ್ನು ಮುಂದುವರಿಸುವ ಮೊದಲು, ಕೊನೆಯ ಹಾಳೆಯ ಹಿಂಬದಿಯಲ್ಲಿ ಆ ಮೂರು ಪ್ರಶ್ನೆಗಳಿಗೆ ಮೂರು ಉತ್ತರಗಳನ್ನು ಬರೆದುಕೊಳ್ಳಿರಿ. ಪೆನ್ಸಿಲಿನಿಂದಲೇ ಬರೆಯಿರಿ, ಅಳಿಸಬೇಕಾದ ಸಂದರ್ಭವು ಬಂದೀತು, ಬರಲಿ. ಅನಂತರ ಕಥೆಯನ್ನು ಮುಗಿಸಿರಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಈ ಪುಟಗಳನ್ನು ನಮ್ಮ ವಾದಕ್ಕೆ ಬದಲಾಗಿ ನಿಮ್ಮ ಕಥೆಗಳು ತುಂಬುವಂತಾದರೆ ನಮಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.